ಕೆಂಪು ದಾರದ ಅರಿವೆ, ಚವಳಿಕಾಯಿಯ ಭರಣಿ

ಈ ವೈಶಾಖದ ಒಂದು ಮುಂಜಾನೆ. ತೇರದಾಳದ ಮಾಳಿಗೆಗಳ ಮೇಲಿಂದ ಇನ್ನೂ ಕತ್ತಲು ಸರಿದಿಲ್ಲ. ಬಸದಿ ಓಣಿಯ ಹಿಂದಿರುವ ಸಣ್ಣ ಮಣ್ಣಿನ ಮನೆಯ ಬಯಲು ಮಾಳಿಗೆಯ ಮೇಲೆ ಹೀರಕ್ಕ ಎಡ ಅಂಗೈ ಬಿಡಿಸಿ, ಮುಖದ ಹತ್ತಿರ ಹಿಡಿದು ಕೂತಿದ್ದಾಳೆ. ಪಕ್ಕದಲ್ಲಿ ಒಂದು ದೊಡ್ಡ ಬುಟ್ಟಿ ಚವಳಿಕಾಯಿ, ಬೇರೆ ಕಡೆಯವರು ಗೋರಿಕಾಯಿ ಅನ್ನುವುದು. ಬುಟ್ಟಿಯ ಆಚೆ ತೋಟದ ಹಣಮಪ್ಪ ಗೋಡೆಗೊರಗಿ ಆಕಳಿಸುತ್ತಿದ್ದಾನೆ.

"ಕಾಣತೈತೇನ ಯಕ್ಕಾ?"

"ಇನ್ನೂ ಇಲ್ಲ."

"ನನಗ ಬುಟ್ಟಿ ಕಾಣಾಕತ್ತೈತಿ, ನೀ ಕಾಣಾಕತ್ತೀದಿ. ಇನ್ನೇನ ಕಾಣಬೇಕ?"

"ಗೆರಿ ಕಾಣಬೇಕ. ಸುಮ್ನ ಕೂಡು."

ಅಂಗೈಯ ಗೆರೆ ಕಣ್ಣಿಗೆ ಬೀಳುವಷ್ಟು ಬೆಳಕು ಹರಿಯುವ ತನಕ ತಿನ್ನುವ ಪದಾರ್ಥಕ್ಕೆ ಕೈ ಹಚ್ಚಬಾರದೆಂಬುದು ಈ ಓಣಿಯ ಜೈನರ ಮನೆಗಳಲ್ಲಿ ಹಿಂದಿನಿಂದ ಬಂದ ನೇಮ. ಕತ್ತಲಲ್ಲಿ ಹುಳು ಹುಪ್ಪಡಿ ಕಾಣುವುದಿಲ್ಲ. ಕಾಣದೆ ಕೈಗೆ ಸಿಕ್ಕು ಸತ್ತರೂ ಸತ್ತದ್ದು ಸತ್ತದ್ದೇ. ಬೇರೆಯವರ ಮನೆಯಲ್ಲಿ ಈ ನೇಮ ಬರೀ ಊಟಕ್ಕಿರಬಹುದು, ಹೀರಕ್ಕನಿಗೆ ಅದು ಕಸುಬಿಗೂ ಉಂಟು. ಹಣಮಪ್ಪನ ಆಕಳಿಕೆಗೆ ಆಕೆ ಎಳ್ಳಷ್ಟೂ ಸೊಪ್ಪು ಹಾಕುವುದಿಲ್ಲ.

ಗೆರೆ ಕಂಡ ಕೂಡಲೇ ಆಕೆಯ ಕೈ ಹರಿದಾಡತೊಡಗುತ್ತದೆ. ಒಂದೊಂದೇ ಕಾಯಿ ಎತ್ತಿ, ಮೂಡಣದ ಬೆಳಕಿಗೆ ಹಿಡಿದು, ಹೊರಳಿಸಿ ನೋಡಿ, ಬೆರಳಿನಿಂದ ಮೇಲಿಂದ ಕೆಳಗೆ ಸವರುತ್ತಾಳೆ. ಬಲಿತದ್ದು ಒಂದು ಕಡೆ, ಎಳೆಯದು ಒಂದು ಕಡೆ. ಒಂದು ಕಾಯಿಯ ತುದಿಯಲ್ಲಿ ಹಸಿರು ಹುಳುವೊಂದು ಸಿಕ್ಕಿತು. ಹೀರಕ್ಕ ಅದನ್ನು ಕಾಯಿಯ ಸಮೇತ ಎಲೆಯ ಮೇಲಿಟ್ಟು ಹಣಮಪ್ಪನ ಕಡೆ ಚಾಚಿದಳು. "ಇಕಾ, ಇದನ್ನ ಇದರ ಮನಿಗೆ ಮುಟ್ಟಸು."

"ಬರೂವಾಗ ಕಾಯಿ ಹೊತ್ತ ಬರತೇನಿ, ಹೋಗೂವಾಗ ಹುಳಾ ಹೊತ್ತ ಹೋಗತೇನಿ," ಎಂದು ಹಣಮಪ್ಪ ಎಲೆಯನ್ನು ರುಮಾಲಿನ ಅಂಚಿಗೆ ಸಿಕ್ಕಿಸಿಕೊಂಡ. "ನಮ್ಮ ತ್ವಾಟದ ಹುಳಾ ಎಲ್ಲಾ ತೇರದಾಳ ನೋಡಿ ಬಂದಾವ ನೋಡ ಯಕ್ಕಾ."

ಹೀಗೆ ನಗಾಡಿದರೂ ಅವನು ಬೇರೆ ಯಾರ ಮಾತಿಗೂ ಕೇಳದ್ದನ್ನು ಹೀರಕ್ಕನ ಮಾತಿಗೆ ಕೇಳುತ್ತಾನೆ. ಆಕೆಗೆ ಕೊಡುವ ಕಾಯಿಯನ್ನು ಮುಂಜಾನೆ ಹರಿಯುವುದಿಲ್ಲ. ಇಬ್ಬನಿ ಆರಿ, ಬಿಸಿಲು ಏರಿ, ಇಳಿಹೊತ್ತಾದ ಮೇಲೆ ಹರಿದು, ಮರುದಿನ ಕೋಳಿ ಕೂಗುವ ಹೊತ್ತಿಗೆ ಹೊತ್ತು ತರುತ್ತಾನೆ. ಇಬ್ಬನಿಯ ನೀರು ಕೂಡ ಹೀರಕ್ಕನಿಗೆ ವೈರಿ.

ಹೀರಕ್ಕನ ಹೆಸರು ನೀವು ಯಾವ ಪತ್ರಿಕೆಯಲ್ಲೂ ಓದಿರಲಾರಿರಿ. ಆದರೆ ತೇರದಾಳದಿಂದ ರಬಕವಿಯವರೆಗೆ, ಅಲ್ಲಿಂದ ಸಾಂಗಲಿ ಸಂಸ್ಥಾನದ ಗಡಿ ದಾಟಿ ಬನಹಟ್ಟಿ, ಜಮಖಂಡಿಯವರೆಗೆ ನೂರಾರು ಮನೆಗಳ ಗಂಗಾಳದಲ್ಲಿ ಆಕೆ ಹಾಕಿದ ಚವಳಿಕಾಯಿ ಬಿದ್ದಿದೆ. ಸಾಂಗಲಿಯವರ ಪ್ರಜೆ ಉಂಡಿದ್ದಾನೆ, ಜಮಖಂಡಿಯವರ ಪ್ರಜೆಯೂ ಉಂಡಿದ್ದಾನೆ. ಹಾಕಿದವಳು ಯಾರೆಂದು ಕೇಳಿದವರು ಕಡಿಮೆ. ಉಪ್ಪಿನಕಾಯಿ ರುಚಿ ಇದ್ದಾಗ ಯಾರೂ ಕೇಳುವುದಿಲ್ಲ, ಕೆಟ್ಟಾಗ ಮಾತ್ರ ಊರೆಲ್ಲ ಕೇಳುತ್ತದೆ. ಇದು ಹೀರಕ್ಕನಿಗೆ ಗೊತ್ತಾದದ್ದು ಹೋದ ವರ್ಷ.

ಅದಕ್ಕೂ ಮೊದಲಿನ ಕತೆ ಸ್ವಲ್ಪ ಹೇಳಬೇಕು. ಗಂಡ ಪಾರಿಸಪ್ಪ ರಬಕವಿ ಪೇಟೆಯ ನೇಕಾರರಿಗೆ ನೂಲು ಮಾರುತ್ತಿದ್ದವನು. ಹಿಂದಿನ ಲಡಾಯಿ ಮುಗಿಯುವ ಹೊತ್ತಿಗೆ ಮಾನಮೋಡಿ ಜ್ವರ ಬಂತಲ್ಲ, ಮನೆಮನೆಯಲ್ಲೂ ಹೆಣ ಎತ್ತಿಸಿದ್ದು, ಅದು ಅವನನ್ನೂ ಒಯ್ದಿತು. ಆಗ ಹೀರಕ್ಕನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಮಕ್ಕಳಿಲ್ಲ. ತವರಿಗೆ ಬಾ ಎಂದರು, ಹೋಗಲಿಲ್ಲ. "ತವರಾಗ ಕುಂತ ತಿಂದ್ರ ಎರಡ ದಿನ ಮಗಳು, ಮೂರನೇ ದಿನ ಭಾರ," ಎನ್ನುತ್ತಾಳೆ. "ನನಗ ಬರತಿದ್ದದ್ದು ಇದೊಂದ. ನಮ್ಮವ್ವ ಕಲಿಸಿದ್ದು. ಅದನ್ನ ಹಿಡಕೊಂಡ ಕುಂತೆ."

ಅವ್ವ ಕಲಿಸಿದ್ದು ಮಾಮೂಲಿ ಉಪ್ಪಿನಕಾಯಿಯಲ್ಲ. ಚಾತುರ್ಮಾಸ ಬಂತೆಂದರೆ ನೇಮದ ಮನೆಗಳಲ್ಲಿ ಹಸಿ ಕಾಯಿಪಲ್ಲೆ ಗಂಗಾಳದಿಂದ ಇಳಿದು ಹೋಗುತ್ತದೆ. ಮಳೆಗಾಲದ ಆ ನಾಲ್ಕು ತಿಂಗಳು ಬೇಳೆ, ಕಾಳು, ಒಣಗಿಸಿಟ್ಟದ್ದು, ಅಷ್ಟೇ. ಉಪ್ಪಿನಕಾಯಿಯನ್ನೇ ಮುಟ್ಟದ ಮನೆಗಳೂ ಇವೆ. ಇನ್ನು ಕೆಲವರು ಕಾಯಿಯ ಹಸಿ ಪೂರ್ತಿ ಹೋಗುವಂತೆ ಒಣಗಿಸಿ ಹಾಕಿದ್ದಾದರೆ ತಿನ್ನುತ್ತಾರೆ. ಅಂಥವರಿಗಾಗಿ ಹುಟ್ಟಿದ್ದು ಈ ಚವಳಿಕಾಯಿ. ಬೆಳ್ಳುಳ್ಳಿ ಇಲ್ಲ, ಹಸಿ ಶುಂಠಿ ಇಲ್ಲ; ನೆಲದೊಳಗೆ ಬೆಳೆದ ಹಸಿ ಪದಾರ್ಥ ಜೈನರಿಗೆ ವರ್ಜ್ಯ. ರಬಕವಿಯ ನೇಕಾರರ ಮನೆಯ ಮರೆವ್ವ ವರ್ಷಕ್ಕೊಮ್ಮೆ ಬಂದು, "ನನ್ನ ಭರಣಿಗರೆ ನಾಕ ಎಸಳ ಬಳ್ಳೊಳ್ಳಿ ಒಗಿಬೇ, ನಾ ಯಾರಿಗೂ ಹೇಳೂದಿಲ್ಲ" ಎಂದು ಗೋಗರೆಯುತ್ತಾಳೆ. ಹೀರಕ್ಕ ನಗುತ್ತಾಳೆ, ಹಾಕುವುದಿಲ್ಲ. ಮರೆವ್ವ ಬಯ್ಯುತ್ತಾಳೆ, ಒಯ್ಯುವುದು ಬಿಡುವುದಿಲ್ಲ.

ಕೆಲಸ ನೋಡುವುದಕ್ಕೆ ಸಲೀಸು, ಮಾಡುವುದಕ್ಕೆ ಬೇಜಾರು. ಸೋಸಿದ ನೀರಿನಲ್ಲಿ ಇಡೀ ಕಾಯಿಯನ್ನು ಒಮ್ಮೆ ತೊಳೆಯುತ್ತಾಳೆ. ಆಮೇಲೆ ಆ ಕಾಯಿಗೆ ನೀರಿನ ಋಣ ತೀರಿತು. ನೆರಳಿನಲ್ಲಿ ಅರಿವೆಯ ಮೇಲೆ ಹರವಿ ಒರೆಸಿ, ತೊಟ್ಟು ಮುರಿದು, ಮಾಳಿಗೆಯ ಬಿಸಿಲಿಗೆ ಹಾಕುತ್ತಾಳೆ. ಹೊತ್ತು ಇಳಿಯುವ ಮೊದಲು ಕೆಳಗೆ ತರಬೇಕು, ಮರುದಿನ ಮತ್ತೆ ಏರಿಸಬೇಕು. ವೈಶಾಖದ ಬಿಸಿಲಿಗೆ ಕಾಲು ಸುಡುತ್ತದೆ. ಕಾಗೆ ಬಂದರೆ ಕಲ್ಲು ಒಗೆಯುವುದಿಲ್ಲ, ಸೆರಗು ಬೀಸುತ್ತಾಳೆ. ಹೀರಕ್ಕ ಹೊಡೆಯುವುದಿಲ್ಲವೆಂದು ತೇರದಾಳದ ಕಾಗೆಗಳಿಗೆ ಯಾವತ್ತೋ ಗೊತ್ತಾಗಿ ಹೋಗಿದೆ, ಹಾಗಾಗಿ ಸೆರಗಿಗೆ ಪುರುಸೊತ್ತಿಲ್ಲ.

ಕಾಯಿ ಮುರಿದರೆ ಟಕ್ ಎನ್ನಬೇಕು. ಆಗ ಅದನ್ನು ಉಪ್ಪು ಅರಿಷಿಣ ಬೆರೆಸಿದ ಲಿಂಬಿರಸಕ್ಕೆ ಬಿಡುತ್ತಾಳೆ. ಒಣಗಿದ ಕಾಯಿ ಹುಳಿ ಕುಡಿದು ಮತ್ತೆ ಮೆತ್ತಗಾಗುತ್ತದೆ. ಸಾಸಿವೆ, ಮೆಂತ್ಯ, ಇಂಗು, ಕೆಂಪು ಖಾರ. ಮೇಲೆ ಕಾಯಿಸಿ ಆರಿಸಿದ ಕುಸುಬಿ ಎಣ್ಣೆ. ಈಗ ಮತ್ತೆ ಲಡಾಯಿ ನಡೆದಿರುವುದರಿಂದ ಎಣ್ಣೆ ಸಿಗುವುದೇ ದುಸ್ತರ. ಗಾಣದ ಹುಲೆಪ್ಪನ ಮನೆಗೆ ಹೀರಕ್ಕ ಎಷ್ಟು ಸಲ ಎಡತಾಕಿದ್ದಾಳೋ ಅವನ ಗಾಣದ ಎತ್ತು ಆಕೆಯ ಗುರುತು ಹಿಡಿಯುತ್ತದೆ.

ಕೊನೆಗೆ ಭರಣಿಯ ಬಾಯಿ. ಹೀರಕ್ಕನ ಜೀವ ಇರುವುದು ಅಲ್ಲಿ. ನೇಕಾರರ ಊರಿನ ಪಕ್ಕದಲ್ಲಿದ್ದರೂ ಹೊಸ ಬಟ್ಟೆ ಕಟ್ಟುವುದಿಲ್ಲ. ಹೊಸದರಲ್ಲಿ ಗಂಜಿ ಇರುತ್ತದೆ. ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಧೋತರ ಬೇಕು. ಅದನ್ನು ಚೌಕಾಗಿ ಹರಿದು, ಅಂಚಿಗೆ ಕೆಂಪು ದಾರ ಹೊಲಿದು, ಬಿಸಿಲಿಗೆ ಹಾಕಿ, ಇನ್ನೂ ಬಿಸಿ ಇರುವಾಗಲೇ ಬಾಯಿಗೆ ಬಿಗಿಯುತ್ತಾಳೆ. ಕೆಂಪು ದಾರ ಕಂಡರೆ ಹೀರಕ್ಕನ ಭರಣಿ ಎಂದು ಗುರುತು.

ಹೋದ ವರ್ಷ ಚಾತುರ್ಮಾಸದ ಮೊದಲ ದಿನ. ಬಸದಿ ಓಣಿಯ ಪಾಯಪ್ಪ ಸಾವಕಾರರ ಮನೆಯಲ್ಲಿ ಓಣಿಯ ಹಿರಿಯರ ಪಂಗ್ತಿ. ಸಾವಕಾರರ ತಾಯಿ ಅಕ್ಕಮ್ಮ ಆಯಿ ನೇಮದಲ್ಲಿ ಬಿಗಿ. ಊರಿನ ಹೆಂಗಸರು ಏನು ತಿನ್ನಬೇಕು, ಏನು ಬಿಡಬೇಕು ಎಂದು ಆಕೆಯ ಗಂಗಾಳ ನೋಡಿ ತಿಳಿಯುತ್ತಾರೆ. ಆ ಗಂಗಾಳದ ಮುಂದೆ ಹೀರಕ್ಕನ ಭರಣಿ ಬಿಚ್ಚಿದರೆ ಒಳಗೆ ಎಣ್ಣೆಯ ಮೇಲೆ ಬೆಳ್ಳಗೆ ಬೂಷ್ಟು.

ಬೇರೆ ಓಣಿಯಲ್ಲಾದರೆ ಭರಣಿ ತಿಪ್ಪೆಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದರು. ಇಲ್ಲಿ ಹಾಗಲ್ಲ. ಬೂಷ್ಟೆಂದರೆ ಲೆಕ್ಕಕ್ಕೆ ಸಿಗದಷ್ಟು ಜೀವ. ಅದು ಹುಟ್ಟುವಂತೆ ಮಾಡಿದ್ದು ಪಾಪ, ಚೆಲ್ಲಿ ಕೊಲ್ಲುವುದು ಮತ್ತೊಂದು ಪಾಪ. ನೇಮ ಹಿಡಿದ ದಿನವೇ ಆಯಿಯ ಗಂಗಾಳಕ್ಕೆ ಹಿಂಸೆ ಬಡಿಸಿದಳು ಹೀರಾ ಎಂದು ಮಾತಾಯಿತು. ಪಾಯಪ್ಪನವರ ಆಳು ಭರಣಿಯನ್ನು ತಂದು ಹೀರಕ್ಕನ ಕಟ್ಟೆಯ ಮೇಲಿಟ್ಟು ಹೋದ. ಹೊತ್ತು ಮುಳುಗುವುದರೊಳಗೆ ಓಣಿಯ ಉಳಿದ ಮನೆಗಳಿಂದಲೂ ಭರಣಿಗಳು ಬಂದವು, ಬಿಚ್ಚಿಯೂ ನೋಡದವು. ಕಟ್ಟೆಯ ತುಂಬ ಭರಣಿಗಳ ಸಾಲು. ವಾರ ಕಳೆಯುವಷ್ಟರಲ್ಲಿ ಬನಹಟ್ಟಿಯಿಂದಲೂ ಬಂದವು. ಬರದೆ ಉಳಿದದ್ದು ಮರೆವ್ವನ ಭರಣಿ ಒಂದೇ, ಅದೂ ಆಕೆ ಆಗಲೇ ತಿಂದು ಮುಗಿಸಿದ್ದರಿಂದ.

ಆ ಸಂಜೆ ಹೀರಕ್ಕ ಕಟ್ಟೆಯ ಮೇಲೆ ಕೂತು ಪಾಯಪ್ಪನವರ ಮನೆಯ ಭರಣಿಯನ್ನು ನೋಡಿದಳು. ಅದರ ಬಾಯಿಗೆ ಕಟ್ಟಿದ ಅರಿವೆಯಲ್ಲಿ ಕೆಂಪು ದಾರವಿರಲಿಲ್ಲ. ದಪ್ಪ ನೂಲಿನ ಎರಡು ಮಡಿಕೆಯ ಅರಿವೆ, ನಡುವೆ ಕೊಡದ ಕಂಠದ ದುಂಡನೆಯ ಕಲೆ. ನೀರು ಸೋಸುವ ಬಟ್ಟೆ.

ಹೀರಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಜೈನರ ಮನೆಯಲ್ಲಿ ನೀರು ಸೋಸುವ ಬಟ್ಟೆಗಿಂತ ಮಡಿಯಾದ ಬಟ್ಟೆ ಇನ್ನೊಂದಿಲ್ಲ. ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುವುದಿಲ್ಲ. ಕೆಂಪು ದಾರದ ಗುರುತು ಅರಿಯದವಳು ಆ ಮನೆಯಲ್ಲಿ ಒಬ್ಬಳೇ. ಸಾವಕಾರರ ಮನೆಗೆ ಆ ವೈಶಾಖದಲ್ಲಷ್ಟೇ ಸೊಸೆಯಾಗಿ ಬಂದಿದ್ದ ಸುಮನ, ಅಜ್ಜಿಯ ನೇಮದ ಭರಣಿಗೆ ಯಾರದೋ ಹಳೆಯ ಧೋತರ ಕಟ್ಟಿದ್ದನ್ನು ಕಂಡು ಮುಜುಗರಪಟ್ಟು, ಮನೆಯಲ್ಲಿದ್ದ ಅತ್ಯಂತ ಮಡಿಯ ಬಟ್ಟೆಯನ್ನು ಭಕ್ತಿಯಿಂದ ಕಟ್ಟಿದ್ದಳು. ದಿನಾ ನೀರು ಕಂಡ ಬಟ್ಟೆ. ಮೇಲೆ ಒಣಗಿದ್ದರೂ ಮಡಿಕೆಯ ಒಳಗೆ ಹಸಿ ಇತ್ತು.

ಒಂದು ಮಾತು ಹೇಳಿದ್ದರೆ ಹೀರಕ್ಕನ ಹೆಸರು ಆ ಸಂಜೆಯೇ ಉಳಿಯುತ್ತಿತ್ತು. ಹೇಳಲಿಲ್ಲ. "ಆ ಹುಡುಗಿ ಕೈಯಾಗಿನ ಹಸರ ಬಳಿ ಇನ್ನೂ ಹೊಸಾವಿದ್ದೂರಿ," ಎನ್ನುತ್ತಾಳೆ ಈಗ. "ಆಯಿ ಗಂಗಾಳಕ್ಕ ಹಿಂಸಾ ಬಡಿಸಿದಾಕಿ ಅಂತ ಆಕಿ ಹೆಸರ ಬಿದ್ದಿದ್ರ, ಆ ಮನ್ಯಾಗ ಸಾಯೂತನಕ ಅದ ಹೆಸರ. ನಂದೇನ, ಮುಂದಿನ ವರ್ಷ ಮತ್ತ ಭರಣಿ ಹಾಕಿದ್ರಾತು ಅಂದ್ಕೊಂಡೆ."

ಅಂದುಕೊಂಡಷ್ಟು ಹಗುರಾಗಲಿಲ್ಲ. ಬೂಷ್ಟು ಬಂದ ಭರಣಿಯನ್ನು ಹಣಮಪ್ಪನ ತೋಟದ ಬೇಲಿಯವರೆಗೆ ಹೊತ್ತು, ಬೇವಿನ ನೆರಳಿನಲ್ಲಿ ಯಾರೂ ತುಳಿಯದ ಕಡೆ ಇಟ್ಟು ಬಂದಳು. ಮರುದಿನ ಉಪವಾಸ ಮಾಡಿದಳು. ಉಪವಾಸ ಒಂದು ದಿನದ್ದು, ಅವಮಾನ ವರ್ಷದ್ದು. ಬಸದಿಯಲ್ಲಿ ಹೆಂಗಸರು ಸರಿದು ಕೂತರು. ದೀಪಾವಳಿಯಿಂದ ಯುಗಾದಿಯವರೆಗೆ ಊರವರ ಮನೆಗಳಲ್ಲಿ ಶಾವಿಗೆ ಹೊಸೆದು, ಹಪ್ಪಳ ಲಟ್ಟಿಸಿ ಹೊಟ್ಟೆ ಹೊರೆದಳು. ಕೈ ಕೆಟ್ಟವಳೆಂದು ಅಲ್ಲಿಯೂ ಹಿಟ್ಟು ನಾದಲು ಬಿಡಲಿಲ್ಲ. ಆದರೂ ಆಕೆ ಅಳುವ ಜಾತಿಯಲ್ಲ.

ಪ್ರತಿ ವರ್ಷ ಮನೆಗಳವರು ಖಾಲಿ ಭರಣಿ ತಂದು ಕೊಟ್ಟು ತುಂಬಿಸಿಕೊಳ್ಳುವುದು ರೂಢಿ. ಈ ವೈಶಾಖಕ್ಕೆ ಯಾರೂ ಭರಣಿ ಕೊಡಲಿಲ್ಲ, ಹಾಕು ಎನ್ನಲಿಲ್ಲ. ಹೀರಕ್ಕ ಹಣಮಪ್ಪನ ತೋಟಕ್ಕೆ ತಾನೇ ನಡೆದು ಹೋಗಿ ಚವಳಿಕಾಯಿ ಹೇಳಿ ಬಂದಳು. "ಯಾರ ಸಲುವಾಗಿ ಯಕ್ಕಾ?" ಎಂದು ಅವನು ಕೇಳಿದ.

"ಅಕ್ಕಮ್ಮ ಆಯಿ ಸಲುವಾಗಿ."

"ಅವ್ರು ಹೇಳ್ಯಾರೇನ?"

"ಇಲ್ಲ. ನಾ ಹೇಳಾಕತ್ತೇನಿ."

ಹಾಗೆ ಬಂದ ಬುಟ್ಟಿಯೇ ಆ ಮುಂಜಾನೆ ಮಾಳಿಗೆಯ ಮೇಲಿದ್ದದ್ದು. ಆ ವಾರ ಹೀರಕ್ಕ ಹಗಲೆಲ್ಲ ಮಾಳಿಗೆಯ ಮೇಲೆಯೇ. ಒಂದು ಮಧ್ಯಾಹ್ನ ಮೋಡ ಕವಿದಾಗ ಕಾಯಿ ಹರವಿದ ಅರಿವೆಯನ್ನು ಬಾಚಿಕೊಂಡು ಏಣಿ ಇಳಿದದ್ದನ್ನು ಪಕ್ಕದ ಮನೆಯವರು ಇನ್ನೂ ಹೇಳುತ್ತಾರೆ, ಮನೆಗೆ ಬೆಂಕಿ ಬಿದ್ದರೂ ಆಕೆ ಹಾಗೆ ಇಳಿಯುತ್ತಿರಲಿಲ್ಲವಂತೆ. "ಇದೂ ಕೆಟ್ರ ನನ್ನ ಭರಣಿ ಎಲ್ಲಾ ಮಾರಿ ಬಿಡತೇನಿ," ಎಂದು ಮರೆವ್ವನ ಮುಂದೆ ಅಂದಿದ್ದಳು. "ನನ್ನ ಕೈ ಖರೇನ ಕೆಟ್ಟೈತಿ ಅಂತ ತಿಳಕೋತೇನಿ."

ಭರಣಿ ತಯಾರಾದ ದಿನ ಅದನ್ನು ಸೊಂಟದ ಮೇಲಿಟ್ಟುಕೊಂಡು, ಕರೆಯದ ಮನೆಗೆ, ಹಗಲು ಹೊತ್ತಿನಲ್ಲಿ ಓಣಿಯ ನಡುವೆ ನಡೆದು ಹೋದಳು. ಅಕ್ಕಮ್ಮ ಆಯಿ ಪಡಸಾಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು. ಕಣ್ಣೆತ್ತಿ ಭರಣಿ ನೋಡಿದಳು.

"ಯಾರ ತರಾಕ ಹೇಳಿದ್ರ ಹೀರಾ?"

"ಯಾರೂ ಹೇಳಿಲ್ರಿ ಆಯಿ. ಇಟ್ಕೋರಿ. ಚಾತುರ್ಮಾಸ ಹಿಡಿಯೂ ದಿನ ಬಿಚ್ಚಿ ನೋಡ್ರಿ."

ಆಯಿ ಜಪಮಣಿ ಕೆಳಗಿಟ್ಟಳು. "ಕೆಟ್ಟಿದ್ರ?"

"ಕೆಟ್ಟಿದ್ರ ಎಲ್ಲಾರ ಮುಂದ ನಾನ ಹೊತ್ತಕೊಂಡ ಹೋಗತೇನ್ರಿ. ಮುಂದ ಈ ಹೊಸ್ತಿಲಾ ತುಳಿಯೂದಿಲ್ಲ."

"ಇಡು," ಎಂದಳು ಆಯಿ.

ಆದರೆ ಭರಣಿ ಇಟ್ಟು ಬರುವುದೆಂದರೆ ಆಷಾಢದವರೆಗೆ ಅದನ್ನು ಸುಮನಳ ಉಗ್ರಾಣಕ್ಕೆ ಒಪ್ಪಿಸಿದಂತೆ. ಹೀರಕ್ಕ ಹಿತ್ತಲಿಗೆ ನಡೆದಳು. ಸುಮನ ಬಾವಿಕಟ್ಟೆಯ ಮೇಲೆ ಕೊಡಕ್ಕೆ ಬಟ್ಟೆ ಹಾಸಿ ನೀರು ಸೋಸುತ್ತಿದ್ದಳು. ಹೀರಕ್ಕ ಸೆರಗಿನೊಳಗಿಂದ ಒಂದು ಮಡಿಕೆ ಅರಿವೆ ತೆಗೆದಳು. ಒಗೆದು, ವರ್ಷವಿಡೀ ಟ್ರಂಕಿನಲ್ಲಿ ಮಡಿಚಿಟ್ಟಿದ್ದ ಅದೇ ನೀರಿನ ಬಟ್ಟೆ. ನಡುವಿನ ದುಂಡು ಕಲೆ ಹೋಗಿರಲಿಲ್ಲ.

"ಇದು ನಿಮ್ಮ ಮನೀದು. ನೀರಿಗೆ ಛಲೋ ಬಟ್ಟಿ. ಭರಣಿಗೆ ಬ್ಯಾಡಬೇ. ಅದಕ ನಾ ಕಟ್ಟಿದ್ದ ಇರಲಿ."

ಸುಮನ ಬಟ್ಟೆ ನೋಡಿದಳು, ಹೀರಕ್ಕನ ಮುಖ ನೋಡಿದಳು. ಹೋದ ವರ್ಷ ಏನಾಗಿತ್ತೆಂದು ಆಕೆಗೆ ಆಗ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಹೀರಕ್ಕ ಹಿತ್ತಲ ಬಾಗಿಲು ದಾಟಿದ್ದಳು.

ಮೊನ್ನೆ ಚಾತುರ್ಮಾಸ ಸುರುವಾದ ದಿನ ಪಾಯಪ್ಪನವರ ಪಡಸಾಲೆಯಲ್ಲಿ ಮತ್ತೆ ಪಂಗ್ತಿ. ಹೀರಕ್ಕ ಬಾಗಿಲ ಹತ್ತಿರ ನಿಂತಿದ್ದಳು, ಒಳಗೆ ಬರಲೊಲ್ಲಳು. ಹೊತ್ತೊಯ್ಯಬೇಕಾಗಿ ಬಂದರೆ ದಾರಿ ಹತ್ತಿರವಿರಲಿ ಎಂದಿರಬೇಕು. ಸುಮನ ಭರಣಿ ತಂದಿಟ್ಟಳು. ಕೆಂಪು ದಾರದ ಅರಿವೆ ಇಟ್ಟಹಾಗೇ ಇತ್ತು. ಹುಡುಗಿ ಗಂಟು ಬಿಚ್ಚಿದಳು. ಅರಿವೆ ಸರಿಯಿತು. ಎಣ್ಣೆ ತಿಳಿಯಾಗಿ ನಿಂತಿತ್ತು, ಕೆಳಗೆ ಚವಳಿಕಾಯಿ ಕೆಂಪಗೆ ಮುಳುಗಿತ್ತು, ಇಂಗಿನ ವಾಸನೆ ಪಡಸಾಲೆಯ ತುಂಬ ಹರಡಿತು. ಆಯಿಯ ಗಂಗಾಳಕ್ಕೆ ಒಂದು ಕಾಯಿ ಬಿತ್ತು. ಇದ್ದ ನಾಲ್ಕು ಹಲ್ಲಿನಲ್ಲಿ ಆಯಿ ಅದನ್ನು ನಿಧಾನವಾಗಿ ಅಗಿದಳು. ಪಂಗ್ತಿಯಲ್ಲಿ ಯಾರೂ ತುತ್ತು ಎತ್ತಲಿಲ್ಲ.

"ಛಲೋ ಆಗೇತಿ," ಎಂದಳು ಆಯಿ.

ಅಲ್ಲಿಗೇ ಮುಗಿಯಬಹುದಿತ್ತು. ಸುಮನ ಸೌಟು ಕೆಳಗಿಟ್ಟಳು. "ಆಯಿ, ಹ್ವಾದ ವರ್ಷ ಹೀರಕ್ಕಾರ ತಪ್ಪಿರಲಿಲ್ರಿ. ಅರಿವಿ ಬದಲಿ ಮಾಡಿದಾಕಿ ನಾನು. ನೀರಿನ ಬಟ್ಟಿ ಕಟ್ಟಿದ್ದೆ. ಮಡಿ ಆಗತೈತಿ ಅಂತ ತಿಳದಿದ್ದೆ." ಇಷ್ಟು ಹೇಳಿ ಆಕೆ ಅಲ್ಲೇ ಅತ್ತುಬಿಟ್ಟಳು.

ಪಾಯಪ್ಪ ಸಾವಕಾರರು ಏನೋ ಅನ್ನಲು ಹೋದರು. ಆಯಿ ಕೈ ಎತ್ತಿ ತಡೆದಳು. "ಅಳಬ್ಯಾಡ. ಆ ಬಟ್ಟಿ ಎಲ್ಲಾಕ್ಕಿಂತಾ ಮಡಿ ಅಂತ ನಿನಗ ಹೇಳಿಕೊಟ್ಟಾಕಿ ನಾನ. ಅದು ಒದ್ದಿ ಇರತೈತಿ ಅಂತ ಹೇಳಿಕೊಡಲಿಲ್ಲ." ಆಮೇಲೆ ಬಾಗಿಲ ಕಡೆ ತಿರುಗಿದಳು. "ಹೀರಾ, ನಿನಗ ಗೊತ್ತಿತ್ತ?"

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ ಆಯಿ. ಭರಣಿ ಕಟ್ಟಿ ಮ್ಯಾಲ ಇಡಿಸಿ ಬಿಟ್ರಿ."

ಸಾವಕಾರರು ಗಂಗಾಳ ನೋಡತೊಡಗಿದರು. ವರ್ಷವಿಡೀ ನುಂಗಿದ್ದನ್ನು ಹೀರಕ್ಕ ಒಂದೇ ಮಾತಿನಲ್ಲಿ ಇಳಿಸಿದ್ದಳು, ದನಿ ಏರಿಸದೆ. ಆಯಿ ತನ್ನ ಪಕ್ಕದ ಮಣೆ ತಟ್ಟಿದಳು. "ಖರೆ. ಕೇಳಲಿಲ್ಲ. ಬಾ ಇಲ್ಲೆ, ಕುಂಡ್ರು." ಹೀರಕ್ಕ ಕೂತಳು. ಸುಮನ ಬಡಿಸಿದಳು.

ಊಟ ಮುಗಿಸಿ ಹೀರಕ್ಕ ಬಸದಿಗೆ ಹೋದಳು. ಅಲ್ಲಿ ಬಹಳ ಹೊತ್ತು ಕೂತಿದ್ದು, ಇಳಿಹೊತ್ತಿಗೆ ಮನೆಯ ಕಡೆ ಬಂದರೆ ಕಟ್ಟೆಯ ಮೇಲೆ ಭರಣಿಗಳ ಸಾಲು. ಹೋದ ವರ್ಷದ ಅದೇ ಕಟ್ಟೆ, ಅವೇ ಮನೆಗಳ ಭರಣಿಗಳು. ಹೀರಕ್ಕನ ಕಾಲು ಓಣಿಯ ನಡುವೆಯೇ ನಿಂತುಬಿಟ್ಟವು. ಮತ್ತೇನು ತಪ್ಪಾಯಿತೋ ಅಂದುಕೊಂಡೆ ಎಂದು ಈಗ ನಗುತ್ತ ಹೇಳುತ್ತಾಳೆ. ಹತ್ತಿರ ಹೋಗಿ ತುದಿಯದೊಂದನ್ನು ಎತ್ತಿ ನೋಡಿದಳು. ಹಗುರವಾಗಿತ್ತು. ಇನ್ನೊಂದನ್ನು ಎತ್ತಿದಳು, ಅದೂ ಖಾಲಿ. ಒಂದೊಂದಾಗಿ ಎಲ್ಲವನ್ನೂ ಎತ್ತಿ ನೋಡಿದಳು. ಎಲ್ಲರೂ ಖಾಲಿ ಭರಣಿ ಇಟ್ಟು ಹೋಗಿದ್ದರು, ಮುಂದಿನ ವೈಶಾಖಕ್ಕೆ ತುಂಬಿಸಿ ಕೊಡು ಎಂದು. ಯಾರೂ ಬಂದು ಬಾಯಿಬಿಟ್ಟು ತಪ್ಪಾಯಿತು ಎನ್ನಲಿಲ್ಲ. ಹೀರಕ್ಕ ಅದನ್ನು ಕೇಳಲೂ ಇಲ್ಲ.

ಈಗ ಮಳೆಗಾಲ. ಹಣಮಪ್ಪನ ಬುಟ್ಟಿ ಬರುವುದಿಲ್ಲ, ಮಾಳಿಗೆಯ ಮೇಲೆ ಕಾಗೆಗಳಿಗೂ ಕೆಲಸವಿಲ್ಲ. ಮೋಡದ ಸಂದಿಯಿಂದ ಬಿಸಿಲು ಇಣುಕಿದಾಗಲೆಲ್ಲ ಹೀರಕ್ಕ ಭರಣಿಗಳನ್ನು ಅಂಗಳಕ್ಕೆ ತಂದು ಬಾಯಿ ಸೂರ್ಯನ ಕಡೆ ಮಾಡಿ ಇಡುತ್ತಾಳೆ, ಹನಿ ಬೀಳುವ ಮೊದಲು ಒಳಗೊಯ್ಯುತ್ತಾಳೆ. ಕೂತಾಗ ಕೈಯಲ್ಲಿ ಸೂಜಿ, ಕೆಂಪು ದಾರ, ಒಂದು ಹಳೆಯ ಧೋತರ. ಧೋತರ ಪಾಯಪ್ಪ ಸಾವಕಾರರದು, ಸುಮನ ತಂದು ಕೊಟ್ಟದ್ದು. ಅಂಚು ಹೊಲಿಯುವುದನ್ನು ಪಕ್ಕದಲ್ಲೇ ಕೂತು ಆಕೆಯೂ ಕಲಿಯುತ್ತಿದ್ದಾಳೆ, ಹೊಲಿಗೆ ಇನ್ನೂ ಸೊಟ್ಟ.

ಮುಂದೇನು ಬೇಕು ಎಂದು ಕೇಳಿದರೆ ಹೀರಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು, ಹೊಲಿದ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.

"ವೈಶಾಖದಾಗ ಬಿಸಲೊಂದು ಛಲೋ ಬೀಳಲ್ರಿ. ಉಳಕಿದ್ದು ನನ್ನ ಕೈಯಾಗ ಐತಿ."